ಸಣ್ಣ ಭಾಷೆಗಳ ಚಾಟ್ ಚಾನೆಲ್: ವಾಟ್ಸ್‌ಆ್ಯಪ್ ಗುಂಪು ಸಾಲದು

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಆಟೊ ಕರೆಯಲು ಬಳಸುವ ‘ನಮ್ಮ ಯಾತ್ರಿ’ ಆ್ಯಪ್‌ನ ಸರ್ವರ್ ಕಡೆಯ ಕೋಡ್ ಬಹುಪಾಲು ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಗಿಟ್‌ಹಬ್‌ನಲ್ಲಿ ಅದನ್ನು ಯಾರು ಬೇಕಾದರೂ ಓದಬಹುದು. ಹಾಗೆ ಓದಿ ಹ್ಯಾಸ್ಕೆಲ್ ಕಲಿಯಲು ಆಸೆಪಡುವ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಕಾಲೇಜಿನಲ್ಲಿ ಹೇಳಿಕೊಡುವವರು ಸಿಗುವುದು ಅಪರೂಪ. ಜಾವಾಕ್ಕೋ ಪೈಥಾನ್‌ಗೋ ಇರುವಂತೆ ಬೀದಿಗೊಂದು ತರಬೇತಿ ಕೇಂದ್ರವೂ ಇದಕ್ಕಿಲ್ಲ. ಹ್ಯಾಸ್ಕೆಲ್‌ನಂತೆ ಬಳಸುವವರು ಕಡಿಮೆಯಿರುವ ಸಣ್ಣ ಭಾಷೆ ಬಲ್ಲವರು ದೇಶವಿದೇಶಗಳಲ್ಲಿ ಚದುರಿದ್ದಾರೆ. ಅವರೆಲ್ಲ ಒಟ್ಟಿಗೆ ಸಿಗುವುದು ಚಾಟ್ ಚಾನೆಲ್‌ಗಳಲ್ಲಿ. ಕೋಡನ್ನು ಯಂತ್ರಭಾಷೆಗೆ ಬದಲಿಸುವ ಕಂಪೈಲರ್‌ಗೆ ಕೆಲಸ ಮಾಡುವವರು, ಇತರರೂ ಬಳಸುವ ಸಿದ್ಧ ಕೋಡಿನ ಲೈಬ್ರರಿ ಬರೆದವರು ಹೊಸಬರ ಮೊದಲ ಪ್ರಶ್ನೆಗೂ ಅಲ್ಲಿ ಉತ್ತರ ಕೊಡುತ್ತಾರೆ. ದೊಡ್ಡ ಭಾಷೆಗಳನ್ನು ಕಲಿಯುವವರಿಗೆ ಈ ಭಾಗ್ಯವಿಲ್ಲ.

ನಮ್ಮ ವಿದ್ಯಾರ್ಥಿಗಳು ಈ ಚಾನೆಲ್‌ಗಳ ಬಾಗಿಲಿಗೆ ಹೋಗಿ ಹತ್ತು ನಿಮಿಷದಲ್ಲಿ ಮರಳಿಬಂದು, ತಮ್ಮದೇ ವಾಟ್ಸ್‌ಆ್ಯಪ್ ಗುಂಪು ಕಟ್ಟಿಕೊಳ್ಳುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇವೆ. ಹಾಗೆ ಮರಳಿಬರಲು ಇರುವ ಕಾರಣಗಳು ಸಣ್ಣವು, ಸರಿಪಡಿಸಬಹುದಾದವು. ವಾಟ್ಸ್‌ಆ್ಯಪ್ ಗುಂಪು ಕಟ್ಟಿಕೊಂಡಾಗ ಆಗುವ ನಷ್ಟ ಮಾತ್ರ ದೊಡ್ಡದು.

ಹ್ಯಾಸ್ಕೆಲ್‌ನ ಹಳೆಯ ಚಾನೆಲ್ ಐಆರ್‌ಸಿಯಲ್ಲಿದೆ. ಐಆರ್‌ಸಿ 1988ರಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಚಾಟ್ ವ್ಯವಸ್ಥೆ. ಈಗ ಈ ಚಾನೆಲ್ ಲಿಬೆರಾ ಚಾಟ್ ಎಂಬ ಜಾಲದಲ್ಲಿದೆ. ಸೇರಲು ಯಾವ ಆ್ಯಪ್ ಕೂಡ ಬೇಕಿಲ್ಲ. ಬ್ರೌಸರ್‌ನಲ್ಲಿ ಲಿಬೆರಾದ ವೆಬ್ ಕ್ಲೈಂಟ್ ತೆರೆದು, ಒಂದು ಅಡ್ಡಹೆಸರು ಕೊಟ್ಟು, ಚಾನೆಲ್ ಹೆಸರಿನ ಜಾಗದಲ್ಲಿ # ಗುರುತಿನ ಜೊತೆ ಹ್ಯಾಸ್ಕೆಲ್ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಸಾಕು. ಫೋನ್ ನಂಬರ್ ಯಾರಿಗೂ ಕಾಣುವುದಿಲ್ಲ. ವಿದ್ಯಾರ್ಥಿನಿಯರು ಇದನ್ನು ಗಮನಿಸಬೇಕು, ಏಕೆಂದರೆ ಸಾಮಾನ್ಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಂಬರ್ ಗುಂಪಿನವರಿಗೆಲ್ಲ ತೆರೆದೇ ಇರುತ್ತದೆ.

ಮೊದಲ ಎಡವಟ್ಟು ಗಡಿಯಾರದ್ದು. ನಮ್ಮಲ್ಲಿ ಬೆಳಿಗ್ಗೆ 10 ಗಂಟೆಯಾದಾಗ ಜರ್ಮನಿಯಲ್ಲಿ ಇನ್ನೂ ಬೆಳಗಿನ ಜಾವ, ನ್ಯೂಯಾರ್ಕಿನಲ್ಲಿ ನಡುರಾತ್ರಿ. ಲ್ಯಾಬ್ ಅವಧಿಯಲ್ಲಿ ಪ್ರಶ್ನೆ ಹಾಕಿ, ಉತ್ತರ ಬರಲಿಲ್ಲವೆಂದು ಟ್ಯಾಬ್ ಮುಚ್ಚಿಬಿಡುತ್ತಾರೆ. ಐಆರ್‌ಸಿಯಲ್ಲಿ ನೀವು ಹೊರಹೋದ ಮೇಲೆ ಬಂದ ಮಾತು ನಿಮಗೆ ತಲುಪುವುದಿಲ್ಲ. ಮೂರು ಗಂಟೆ ಬಿಟ್ಟು ಯಾರೋ ಕೊಟ್ಟ ಒಳ್ಳೆಯ ಉತ್ತರ ಕೇಳಿದವರಿಗೇ ಸಿಗದೆ ಹೋಗುತ್ತದೆ. ಸಂಜೆ ಆರೂವರೆಯಿಂದ ರಾತ್ರಿ ಹನ್ನೊಂದೂವರೆವರೆಗೆ ಯುರೋಪಿನಲ್ಲಿ ಮಧ್ಯಾಹ್ನ ಇಲ್ಲವೇ ಸಂಜೆ, ಅಮೆರಿಕದ ಪೂರ್ವ ತೀರದಲ್ಲಿ ಹಗಲು. ಆ ಹೊತ್ತಿನಲ್ಲಿ ಕೇಳಿ. ಅದಾಗದಿದ್ದರೆ ಚಾನೆಲ್‌ನ ಸಾರ್ವಜನಿಕ ದಾಖಲೆಯಲ್ಲಿ ಮರುದಿನ ಹುಡುಕಿ. ಅದರ ವಿಳಾಸ ಚಾನೆಲ್‌ನ ತಲೆಸಾಲಿನಲ್ಲೇ (ಮೇಲೆ ಕಾಣುವ ಟಾಪಿಕ್ ಸಾಲು) ಸಿಗುತ್ತದೆ. ನಿಯಮಿತವಾಗಿ ಬರುವವರು ಬೌನ್ಸರ್ ಎಂಬ ಪುಟ್ಟ ಪ್ರೋಗ್ರಾಂ ಅನ್ನು ಸದಾ ಓಡುವ ಒಂದು ಸರ್ವರ್‌ನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ನೀವು ಇಲ್ಲದಾಗ ಅದು ನಿಮ್ಮ ಹೆಸರಲ್ಲಿ ಚಾನೆಲ್‌ನಲ್ಲಿ ಕೂತು, ಬಂದ ಮಾತನ್ನೆಲ್ಲ ಹಿಡಿದಿಡುತ್ತದೆ. ಝಡ್‌ಎನ್‌ಸಿ, ಸೋಜು ಎಂಬ ಎರಡು ಬೌನ್ಸರ್‌ಗಳೂ ಉಚಿತ.

“ಒಂದು ಡೌಟ್ ಇದೆ, ಕೇಳಬಹುದಾ?” ಎಂದು ಬರೆದು ಕಾಯುವುದು ಇನ್ನೊಂದು ಅಭ್ಯಾಸ. ನಮ್ಮ ಕಡೆ ಇದು ಸೌಜನ್ಯ. ಅಲ್ಲಿ ಇದಕ್ಕೆ ಉತ್ತರ ಬರುವುದಿಲ್ಲ, ಉತ್ತರಿಸಲು ಅದರಲ್ಲಿ ಏನೂ ಇರುವುದಿಲ್ಲ. ನೇರವಾಗಿ ಪ್ರಶ್ನೆಯನ್ನೇ ಹಾಕಬೇಕು. ಅದರ ಜೊತೆ ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರ್‌ನ ಆವೃತ್ತಿ, ಪ್ರಾಜೆಕ್ಟ್ ಕಟ್ಟಲು, ಲೈಬ್ರರಿ ತರಿಸಲು ಕಬಾಲ್ ಬಳಸುತ್ತೀರೋ ಸ್ಟ್ಯಾಕ್ ಬಳಸುತ್ತೀರೋ ಎಂಬುದು, ಆಪರೇಟಿಂಗ್ ಸಿಸ್ಟಂ, ದೋಷಸಂದೇಶದ ಪೂರ್ತಿ ಪಠ್ಯ ಮತ್ತು ಆ ದೋಷ ಕೊಡುವ ಅತಿ ಚಿಕ್ಕ ಕೋಡ್ ಇರಲಿ. 2023ರಲ್ಲಿ ಬಂದ ಜಿಎಚ್‌ಸಿ 9.6ರಿಂದ ದೋಷಗಳಿಗೆ ಸಂಖ್ಯೆ ಬರುತ್ತಿದೆ. ಉದಾಹರಣೆಗೆ 88464 ಎಂದರೆ ಬಳಸಿದ ಹೆಸರು ಆ ಜಾಗದಲ್ಲಿ ಲಭ್ಯವಿಲ್ಲ ಎಂದರ್ಥ. ಆ ಸಂಖ್ಯೆಯನ್ನೂ ಅಂಟಿಸಿ. ಮುಂದೆ ಅದೇ ತೊಂದರೆಯವರು ಹುಡುಕಿದಾಗ ನಿಮಗೆ ಬಂದ ಉತ್ತರ ಅವರಿಗೂ ಸಿಗುತ್ತದೆ.

ಕೋಡ್ ಎರಡು ಮೂರು ಸಾಲಿಗಿಂತ ಹೆಚ್ಚಿದ್ದರೆ ಚಾನೆಲ್‌ಗೆ ಸುರಿಯಬೇಡಿ. ಸರ್ವರ್ ಅದನ್ನು ಸ್ಪ್ಯಾಮ್ ಎಂದುಕೊಂಡು ನಿಮ್ಮನ್ನು ಹೊರದೂಡಬಹುದು. ಹ್ಯಾಸ್ಕೆಲ್ ಪ್ಲೇಗ್ರೌಂಡ್ ಎಂಬ ಜಾಲತಾಣದಲ್ಲಿ ಕೋಡ್ ಹಾಕಿ ಅದರ ಲಿಂಕ್ ಕೊಡಿ; ಉತ್ತರಿಸುವವರು ಅಲ್ಲೇ ಓಡಿಸಿ, ತಿದ್ದಿ, ಹೊಸ ಲಿಂಕ್ ಕೊಡುತ್ತಾರೆ. ಸ್ಕ್ರೀನ್‌ಶಾಟ್ ಬೇಡವೇ ಬೇಡ. ಚಿತ್ರದಿಂದ ಕೋಡ್ ನಕಲು ಮಾಡಲಾಗದು, ಚಿತ್ರದೊಳಗಿನ ದೋಷಸಂದೇಶ ಹುಡುಕಿದರೆ ಸಿಗುವುದೂ ಇಲ್ಲ.

ಚಾನೆಲ್‌ನಲ್ಲಿ ಲ್ಯಾಂಬ್ಡಾಬಾಟ್ ಎಂಬ ಯಂತ್ರಸದಸ್ಯವೊಂದಿದೆ. > ಗುರುತು, ಒಂದು ಖಾಲಿ ಜಾಗ, ಆಮೇಲೆ ಹ್ಯಾಸ್ಕೆಲ್‌ನ ಒಂದು ಉಕ್ತಿ (ಎಕ್ಸ್‌ಪ್ರೆಶನ್) ಬರೆದರೆ ಅದರ ಬೆಲೆಯನ್ನು ಎಲ್ಲರೆದುರು ಹೇಳುತ್ತದೆ. ಖಾಲಿ ಜಾಗ ಬಿಡದಿದ್ದರೆ ಸುಮ್ಮನಿರುತ್ತದೆ. ಹೊಸಬರು ಬಾಟ್ ಕೆಟ್ಟಿದೆ ಎಂದುಕೊಳ್ಳುವುದು ಇಲ್ಲೇ. ಟೈಪ್ ಕೇಳಲು, ಯಾವ ಲೈಬ್ರರಿಯಲ್ಲಿ ಯಾವ ಫಂಕ್ಷನ್ ಇದೆ ಎಂದು ಹುಡುಕಲು, ಈಗ ಚಾನೆಲ್‌ನಲ್ಲಿ ಮಾತಾಡದಿರುವವರಿಗೆ ಸಂದೇಶ ಬಿಟ್ಟುಹೋಗಲು ಬೇರೆ ಆಜ್ಞೆಗಳಿವೆ. ಸಮಯದ ಅಂತರದಲ್ಲಿರುವ ನಮಗೆ ಆ ಕೊನೆಯದು ತುಂಬ ಉಪಯೋಗಿ. ಬಾಟ್ ಜೊತೆ ಆಡಿ ಕಲಿಯುವವರು ಅದಕ್ಕೆ ಖಾಸಗಿ ಸಂದೇಶ ಕಳಿಸಿಯೇ ಪ್ರಯೋಗ ಮಾಡಬಹುದು, ಚಾನೆಲ್ ತುಂಬಿಸಬೇಕಿಲ್ಲ.

ಆ ಬಾಟ್‌ಗೆ “ಕನ್ನಡ” ಎಂಬ ಪದ ಕೊಟ್ಟರೆ \3221\3240\3277\3240\3233 ಎಂದು ಉತ್ತರ ಬರುತ್ತದೆ. ಇದು ದೋಷವೇನಲ್ಲ. ಹ್ಯಾಸ್ಕೆಲ್‌ನ ಶೋ ಎಂಬ ಫಂಕ್ಷನ್ ಆಸ್ಕಿಯ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಹಳೆಯ ಪಟ್ಟಿ) ಆಚೆಗಿನ ಅಕ್ಷರಗಳನ್ನು ಯೂನಿಕೋಡ್ ಸಂಖ್ಯೆಯಾಗಿ ತೋರಿಸುತ್ತದೆ: ಕ 3221, ನ 3240, ಒತ್ತಕ್ಷರ ಮೂಡಿಸುವ ವಿರಾಮ (ಹಲಂತ) ಚಿಹ್ನೆ 3277, ಮತ್ತೆ ನ, ಡ 3233. ನಿಮ್ಮ ಕಂಪ್ಯೂಟರ್‌ನಲ್ಲೂ ಪ್ರಿಂಟ್ ಬಳಸಿದರೆ ಹೀಗೇ ಆಗುತ್ತದೆ. ಪುಟ್ ಸ್ಟ್ರಿಂಗ್ ಲೈನ್ ಬಳಸಿದರೆ ಕನ್ನಡವೇ ಮೂಡುತ್ತದೆ. ಪದದ ಉದ್ದ ಕೇಳಿದರೆ 5 ಬರುತ್ತದೆ, ನಾವು ಎಣಿಸುವುದು 3 ಅಕ್ಷರ. “ರಾಮ” ಎಂಬುದನ್ನು ತಿರುಗಿಸಲು ಹೇಳಿದರೆ ವಾಲ್ಮೀಕಿಯ “ಮರಾ” ಬರಬೇಕಾದಲ್ಲಿ “ಮಾರ” ಬರುತ್ತದೆ, ಏಕೆಂದರೆ ದೀರ್ಘದ ಚಿಹ್ನೆ ರಕಾರವನ್ನು ಬಿಟ್ಟು ಮಕಾರಕ್ಕೆ ಅಂಟಿಕೊಳ್ಳುತ್ತದೆ. ಯೂನಿಕೋಡ್ ಪಠ್ಯ ಸಂಸ್ಕರಿಸುವ ಐಸಿಯು ಎಂಬ ತಂತ್ರಾಂಶ ಆಧರಿಸಿದ ಲೈಬ್ರರಿಯಿಂದ ಪದವನ್ನು ಮೊದಲು ಘಟಕಗಳಾಗಿ ಒಡೆದು, ಆಮೇಲೆ ತಿರುಗಿಸಬೇಕು. ಒತ್ತಕ್ಷರಗಳು ಒಂದೇ ಘಟಕವಾಗಿ ಉಳಿಯುತ್ತವೆಯೇ ಎಂದು ಬೇರೆಯಾಗಿ ಪರೀಕ್ಷಿಸಬೇಕು, ಉಳಿಯದಿದ್ದರೆ ವಿರಾಮದ ಮುಂದಿನ ವ್ಯಂಜನವನ್ನು ಜೋಡಿಸುವ ನಿಯಮ ನಾವೇ ಬರೆಯಬೇಕು. ಇಂಥ ಪ್ರಶ್ನೆಗಳನ್ನು ಇಂಗ್ಲಿಷ್ ಮಾತ್ರ ಸಂಸ್ಕರಿಸುವವರು ಕೇಳುವುದಿಲ್ಲ. ನಾವು ಚಾನೆಲ್‌ಗೆ ಹೋಗಬೇಕು ಎನ್ನಲು ಇದೂ ಒಂದು ಕಾರಣ: ಕನ್ನಡ ಪಠ್ಯದ ತೊಡಕುಗಳು ಲೈಬ್ರರಿ ಬರೆಯುವವರ ಕಣ್ಣಿಗೆ ಬೀಳುವುದು ನಾವು ಅಲ್ಲಿ ಬಾಯಿಬಿಟ್ಟಾಗ ಮಾತ್ರ.

ಕನ್ನಡ ಕಡತ ಓದುವಾಗ ಬರುವ ಇನ್ನೊಂದು ದೋಷ, 224ರಿಂದ ಶುರುವಾಗುವ ಬೈಟ್‌ಗಳನ್ನು ಬಿಡಿಸಲಾಗುತ್ತಿಲ್ಲ ಎಂಬುದು. ಯೂನಿಕೋಡ್ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತವೂ 224 ಎಂಬ ಬೈಟ್‌ನಿಂದಲೇ ಆರಂಭವಾಗುತ್ತದೆ. ಪ್ರೋಗ್ರಾಂ ಅನ್ನು ಪ್ರತ್ಯೇಕವಾಗಿ ಓಡಿಸುವ ಡಾಕರ್ ಕಂಟೇನರ್‌ನಂಥ ಜಾಗದಲ್ಲಿ ಲೊಕೇಲ್ (ಭಾಷೆ, ಅಕ್ಷರಸಂಕೇತದ ಸೆಟ್ಟಿಂಗ್) ಸಾಮಾನ್ಯವಾಗಿ ಗೊತ್ತುಮಾಡಿರುವುದಿಲ್ಲ, ಹಾಗಾಗಿ ಪ್ರೋಗ್ರಾಂ ಆಸ್ಕಿ ಎಂದುಕೊಂಡು ಓದಲು ಹೋಗಿ ಸೋಲುತ್ತದೆ. ಲ್ಯಾಂಗ್ ಎಂಬ ಪರಿಸರ ಚಲಕಕ್ಕೆ ಸಿ ಡಾಟ್ ಯುಟಿಎಫ್-8 ಎಂಬ ಬೆಲೆ ಕೊಟ್ಟರೆ ಸರಿಹೋಗುತ್ತದೆ. ವಿಂಡೋಸ್ ಕನ್ಸೋಲ್‌ನಲ್ಲಿ ಕೋಡ್ ಪೇಜ್ 65001ಕ್ಕೆ ಬದಲಿಸಿ.

ಐಆರ್‌ಸಿಗೆ ತನ್ನದೇ ಮಿತಿಗಳಿವೆ, ಅವನ್ನು ಮುಚ್ಚಿಡುವುದು ತರವಲ್ಲ. ಒಂದು ಸಂದೇಶ ಎಲ್ಲ ಸೇರಿ 512 ಬೈಟ್ ಮೀರುವಂತಿಲ್ಲ. ಕಳಿಸುವವರ ಗುರುತೂ ಅದರೊಳಗೇ ಬರುವುದರಿಂದ ಮಾತಿಗೆ ಉಳಿಯುವುದು ಸುಮಾರು 400ರಿಂದ 450. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ 3. “ಸ್ತ್ರೀ” ಎಂಬ ಒಂದು ಅಕ್ಷರವೇ 18 ಬೈಟ್ ತಿನ್ನುತ್ತದೆ. ಕನ್ನಡದಲ್ಲಿ ಬರೆದರೆ ಎರಡು ವಾಕ್ಯಕ್ಕೇ ಜಾಗ ಮುಗಿಯುತ್ತದೆ. ಕೆಲವು ಕ್ಲೈಂಟ್‌ಗಳು ಅಕ್ಷರದ ನಡುವೆಯೇ ಕತ್ತರಿಸಿ ಕೊನೆಗೆ ಪ್ರಶ್ನಾರ್ಥಕದ ಚೌಕ ಮೂಡಿಸುತ್ತವೆ. ಕನ್ನಡದಲ್ಲೇ ಚರ್ಚಿಸುವ ಗುಂಪಿಗೆ ಈ ಕಾರಣಕ್ಕೆ ಐಆರ್‌ಸಿ ಸರಿಯಾದ ಜಾಗವಲ್ಲ. ಮ್ಯಾಟ್ರಿಕ್ಸ್ ಎಂಬ ಇನ್ನೊಂದು ಚಾಟ್ ಜಾಲದಲ್ಲಿ ಒಂದು ಸಂದೇಶಕ್ಕೆ ಸುಮಾರು 65 ಸಾವಿರ ಬೈಟ್‌ವರೆಗೆ ಅವಕಾಶವಿದೆ, ಹಳೆಯ ಮಾತುಕತೆಯೂ ಉಳಿಯುತ್ತದೆ. ಹ್ಯಾಸ್ಕೆಲ್‌ನವರು ಅಲ್ಲೂ ಇದ್ದಾರೆ. ಮೊದಲು ಎರಡಕ್ಕೂ ಸೇತುವೆ ಇತ್ತು, ಒಂದೆಡೆ ಬರೆದದ್ದು ಇನ್ನೊಂದೆಡೆ ಕಾಣುತ್ತಿತ್ತು. 2023ರ ಆಗಸ್ಟ್‌ನಲ್ಲಿ ಮ್ಯಾಟ್ರಿಕ್ಸ್ ಮತ್ತು ಲಿಬೆರಾ ನಡುವಿನ ಆ ಅಧಿಕೃತ ಸೇತುವೆ ನಿಂತುಹೋಯಿತು. ಹಳೆಯ ಮಾರ್ಗದರ್ಶಿ ಓದಿ, ಸೇತುವೆ ಇದೆ ಎಂದು ನಂಬಿ ಖಾಲಿ ಕೋಣೆಯಲ್ಲಿ ಕಾಯಬೇಡಿ.

ಈಗ ವಾಟ್ಸ್‌ಆ್ಯಪ್ ವಿಷಯ. ಅದು ಕೋಡ್ ಅನ್ನೇ ಕೆಡಿಸುತ್ತದೆ. ಎರಡು ನಕ್ಷತ್ರ ಚಿಹ್ನೆಗಳ ನಡುವಿನ ಪಠ್ಯ ದಪ್ಪಕ್ಷರವಾಗಿ, ಚಿಹ್ನೆಗಳು ಮಾಯವಾಗಬಹುದು. ಅಡಿಗೆರೆಗಳ ಪಾಡೂ ಅದೇ. ಫೋನಿನ ಕೀಬೋರ್ಡ್ ಸಾಲಿನ ಮೊದಲಕ್ಷರವನ್ನು ದೊಡ್ಡಕ್ಷರ ಮಾಡುತ್ತದೆ. ಹ್ಯಾಸ್ಕೆಲ್‌ನಲ್ಲಿ ದೊಡ್ಡಕ್ಷರದಿಂದ ಶುರುವಾದರೆ ಅದು ಟೈಪ್ ಅಥವಾ ಕನ್‌ಸ್ಟ್ರಕ್ಟರ್, ಅರ್ಥವೇ ಬದಲಾಗುತ್ತದೆ. ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾದರೆ ಕಂಪೈಲರ್ \8220 ಎಂಬ ಅಕ್ಷರದ ಬಗ್ಗೆ ದೂರುತ್ತದೆ. ಸಾಲಿನ ಮೊದಲಿನ ಖಾಲಿ ಜಾಗ ಹೆಚ್ಚುಕಡಿಮೆಯಾದರೂ ಹ್ಯಾಸ್ಕೆಲ್‌ಗೆ ಅದು ಬೇರೆ ಪ್ರೋಗ್ರಾಂ. ಮೂರು ಬ್ಯಾಕ್‌ಟಿಕ್‌ಗಳ ನಡುವೆ ಕೋಡ್ ಹಾಕಿದರೆ ಸ್ವಲ್ಪ ಉಳಿಯುತ್ತದೆ, ಆದರೆ ಸಣ್ಣ ಪರದೆಯಲ್ಲಿ ಸಾಲು ಮಡಚಿಕೊಂಡು ಇಂಡೆಂಟೇಶನ್ ಕಣ್ಣಿಗೆ ಸಿಗುವುದಿಲ್ಲ.

ಅದಕ್ಕಿಂತ ಹೆಚ್ಚಾಗಿ, ಅಲ್ಲಿ ತಪ್ಪು ಉತ್ತರ ತಿದ್ದಲು ಬಲ್ಲವರು ಇರುವುದಿಲ್ಲ. ಒಂದು ಉದಾಹರಣೆ ಸಾಕು. ಮ್ಯಾಪ್ ಮಾಡ್ಯೂಲ್ ಸಿಗುತ್ತಿಲ್ಲ, ಅದು ಕಂಟೇನರ್ಸ್ ಎಂಬ ಅಡಗಿಸಿಟ್ಟ ಪ್ಯಾಕೇಜಿನಲ್ಲಿದೆ ಎಂದು ಕಂಪೈಲರ್ ಹೇಳಿದಾಗ, ಕಬಾಲ್ ಇನ್‌ಸ್ಟಾಲ್ ಆಜ್ಞೆಗೆ ಲಿಬ್ ಎಂಬ ಆಯ್ಕೆ ಸೇರಿಸಿ ಓಡಿಸಿ ಎಂದು ಯಾರೋ ಹೇಳುತ್ತಾರೆ. ಆ ಕ್ಷಣಕ್ಕೆ ಕೆಲಸ ಆಗುತ್ತದೆ. ಆದರೆ ಆ ಆಜ್ಞೆ ಹೋಮ್ ಫೋಲ್ಡರ್‌ನ ಜಿಎಚ್‌ಸಿ ಡೈರೆಕ್ಟರಿಯಲ್ಲಿ ಎನ್ವಿರಾನ್‌ಮೆಂಟ್ಸ್ ಒಳಗೆ ಡೀಫಾಲ್ಟ್ ಎಂಬ ಕಡತ ಬರೆದಿಡುತ್ತದೆ. ಕೆಲವು ವಾರದ ನಂತರ ಬೇರೆ ಲೈಬ್ರರಿ ಹಾಕಲು ಹೋದಾಗ ಆವೃತ್ತಿಗಳು ಒಂದಕ್ಕೊಂದು ಹೊಂದದೆ ಎಲ್ಲವೂ ನಿಲ್ಲುತ್ತದೆ, ಕಾರಣ ಯಾರಿಗೂ ನೆನಪಿರುವುದಿಲ್ಲ. ಸರಿಯಾದ ದಾರಿ, ಪ್ರಾಜೆಕ್ಟಿನ ಕಬಾಲ್ ಕಡತದಲ್ಲಿ ಬಿಲ್ಡ್ ಡಿಪೆಂಡ್ಸ್ ಸಾಲಿಗೆ ಕಂಟೇನರ್ಸ್ ಎಂದು ಸೇರಿಸುವುದು. ಈಗಾಗಲೇ ಕೆಟ್ಟಿದ್ದರೆ ಆ ಡೀಫಾಲ್ಟ್ ಕಡತ ಅಳಿಸಿ. ಚಾನೆಲ್‌ನಲ್ಲಾದರೆ ತಪ್ಪು ಸಲಹೆ ಬಿದ್ದ ಮರುಗಳಿಗೆ ಇನ್ನೊಬ್ಬರು ತಡೆಯುತ್ತಾರೆ. ಎಡಿಟರ್‌ನಲ್ಲಿ ತಪ್ಪು ತೋರಿಸುವ ಕೆಂಪು ಗೆರೆಗಳೇ ಬರುತ್ತಿಲ್ಲ ಎಂಬುದೂ ಇಂಥದ್ದೇ: ಆ ಗೆರೆ ಎಳೆಸುವ ಹ್ಯಾಸ್ಕೆಲ್ ಲ್ಯಾಂಗ್ವೇಜ್ ಸರ್ವರ್ (ಎಚ್‌ಎಲ್‌ಎಸ್) ನೀವು ಹಾಕಿಕೊಂಡ ಜಿಎಚ್‌ಸಿ ಆವೃತ್ತಿಯನ್ನು ಬೆಂಬಲಿಸಬೇಕು. ಇವನ್ನೆಲ್ಲ ಇನ್‌ಸ್ಟಾಲ್ ಮಾಡುವ ಜಿಎಚ್‌ಸಿಅಪ್ ಎಂಬ ಸಾಧನ ತೋರಿಸುವ ಪಟ್ಟಿಯಲ್ಲಿ ಎಚ್‌ಎಲ್‌ಎಸ್ ಗುರುತು ಇರುವ ಆವೃತ್ತಿಯನ್ನೇ ಆರಿಸಿಕೊಳ್ಳಿ; ಎಲ್ಲಕ್ಕಿಂತ ಹೊಸದು ಬೇಕೆಂಬ ಆತುರ ಬೇಡ.

ಕನ್ನಡದಲ್ಲೇ ಒಂದು ಗುಂಪು ಕಟ್ಟುವವರನ್ನು ನಾವು ಮನಸಾರೆ ಬೆಂಬಲಿಸುತ್ತೇವೆ. ಇಂಗ್ಲಿಷ್‌ನಲ್ಲಿ ಪ್ರಶ್ನೆ ಜೋಡಿಸಲು ಹಿಂಜರಿಯುವವರು ನಮ್ಮಲ್ಲಿ ಬಹಳ. ಆದರೆ ಜಾಗ ಆರಿಸುವಾಗ, ಲಾಗಿನ್ ಇಲ್ಲದವರು ಹಳೆಯ ಉತ್ತರ ಓದಬಹುದೇ, ಎಲ್ಲವನ್ನೂ ಒಮ್ಮೆಗೇ ನಕಲು ತೆಗೆದಿಟ್ಟುಕೊಳ್ಳಬಹುದೇ ಎಂದು ಮೊದಲು ನೋಡಿ. ಕ್ಲೋಜರ್ ಎಂಬ ಇನ್ನೊಂದು ಸಣ್ಣ ಪ್ರೋಗ್ರಾಮಿಂಗ್ ಭಾಷೆಯವರು ಸ್ಲ್ಯಾಕ್ ಎಂಬ ಚಾಟ್ ಸೇವೆಯಲ್ಲಿ ಸೇರಿದರು. ಉಚಿತ ಖಾತೆಯಲ್ಲಿ ಕೊನೆಯ 10,000 ಸಂದೇಶ ಮಾತ್ರ ಕಾಣುತ್ತಿತ್ತು. ಜನ ಹೆಚ್ಚಿದಷ್ಟೂ ಹಳೆಯ ಉತ್ತರಗಳು ಬೇಗ ಬೇಗ ಮರೆಯಾದವು. ಸ್ವಯಂಸೇವಕರು ಬಾಟ್ ಬರೆದು ಮಾತುಕತೆಯನ್ನು ಬೇರೆಡೆ ನಕಲಿಸಿಟ್ಟುಕೊಳ್ಳಬೇಕಾಯಿತು. 2022ರ ಸೆಪ್ಟೆಂಬರ್‌ನಿಂದ ಸ್ಲ್ಯಾಕ್ ಆ ಮಿತಿಯನ್ನು 90 ದಿನಕ್ಕೆ ಬದಲಿಸಿತು. 90 ದಿನ ಎಂದರೆ ಒಂದು ಸೆಮಿಸ್ಟರ್‌ಗಿಂತ ಕಡಿಮೆ. ಆಗಸ್ಟ್‌ನ ಉತ್ತರ ಡಿಸೆಂಬರ್ ಪರೀಕ್ಷೆಗೆ ಸಿಗುವುದಿಲ್ಲ. ಡಿಸ್ಕಾರ್ಡ್ ಎಂಬ ಚಾಟ್ ಸೇವೆಯಲ್ಲಿ ಹಳೆಯದು ಅಳಿಯುವುದಿಲ್ಲ, ಆದರೆ ಒಳಗೆ ಸೇರದವರಿಗೆ ಕಾಣುವುದಿಲ್ಲ, ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಲೀನ್ ಎಂಬ ಭಾಷೆಯವರ ಮಾದರಿ ನಮಗೆ ತುಂಬ ಹಿಡಿಸಿದೆ. ಗಣಿತದ ಪ್ರಮೇಯಗಳ ಸಾಧನೆಗಳನ್ನು (ಪ್ರೂಫ್) ಕಂಪ್ಯೂಟರ್‌ನಿಂದ ಪರಿಶೀಲಿಸಲು ಬಳಸುವ ಈ ಭಾಷೆಯಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲೂ ಪಾಠ ನಡೆದಿದೆ. ಅವರು ಝುಲಿಪ್ ಎಂಬ ಚಾಟ್ ತಂತ್ರಾಂಶ ಬಳಸುತ್ತಾರೆ. ಅಲ್ಲಿ ಪ್ರತಿ ಪ್ರಶ್ನೆಗೂ ಒಂದು ಶೀರ್ಷಿಕೆ ಇರುತ್ತದೆ, ಹಾಗಾಗಿ ಮೂರು ಮಾತುಕತೆ ಒಟ್ಟಿಗೆ ನಡೆದರೂ ಹೆಣೆದುಕೊಳ್ಳುವುದಿಲ್ಲ. ಮಾತು ಬೇರೆ ಕಡೆ ಹೊರಳಿದರೆ ಆ ಭಾಗವನ್ನು ಬೇರೆ ಶೀರ್ಷಿಕೆಗೆ ಸಾಗಿಸುತ್ತಾರೆ. ಉತ್ತರ ಸಿಕ್ಕ ಪ್ರಶ್ನೆಗೆ ಸರಿ ಗುರುತು ಹಾಕುತ್ತಾರೆ. ಹೊಸಬರಿಗೇ ಮೀಸಲಾದ ಚಾನೆಲ್ ಇದೆ. ಕೋಡ್ ಅರ್ಧಂಬರ್ಧ ಕೊಟ್ಟವರಿಗೆ, ಹಾಗೇ ನಕಲಿಸಿ ಓಡಿಸಬಹುದಾದ ಚಿಕ್ಕ ಪೂರ್ಣ ಉದಾಹರಣೆ ಕೊಡಿ ಎಂದು ವಿವರಿಸುವ ಪುಟದ ಕೊಂಡಿಯನ್ನು ಒಂದೇ ಪದ ಟೈಪ್ ಮಾಡಿ ಕೊಡುತ್ತಾರೆ, ಗದರುವುದಿಲ್ಲ. ಸುಮಾರು ದಿನ ನಿಂತುಹೋದ ಪ್ರಶ್ನೆಯನ್ನೂ ಅದೇ ಶೀರ್ಷಿಕೆಯಡಿ ಮುಂದುವರಿಸಬಹುದು. ಬೇರೆ ಬೇರೆ ಗಡಿಯಾರಗಳಲ್ಲಿ ಬದುಕುವವರಿಗೆ ಹೇಳಿಮಾಡಿಸಿದ ವ್ಯವಸ್ಥೆ ಇದು.

ಝುಲಿಪ್‌ನ ಕ್ಲೌಡ್ ಸೇವೆಯ ಉಚಿತ ಖಾತೆಗೂ 10,000 ಸಂದೇಶಗಳ ಮಿತಿಯಿದೆ. ಆದರೆ ಮುಕ್ತ ತಂತ್ರಾಂಶ, ಶಿಕ್ಷಣದ ಗುಂಪುಗಳು ಅರ್ಜಿ ಹಾಕಿದರೆ ಪ್ರಾಯೋಜಿತ ಖಾತೆ ಕೊಡುತ್ತಾರೆ. ಗುಂಪು ತೆರೆದ ಮೊದಲ ದಿನವೇ ಹಾಕಿ. ಸಾರ್ವಜನಿಕ ಚಾನೆಲ್‌ಗಳನ್ನು ಲಾಗಿನ್ ಇಲ್ಲದೆ ಓದುವ ಆಯ್ಕೆಯನ್ನು ಪ್ರಾಯೋಜಿತ ಖಾತೆ ಸಿಕ್ಕ ಕೂಡಲೇ ಆನ್ ಮಾಡಿ, ಹಾಗೆ ಮಾಡಿರುವುದನ್ನು ಸದಸ್ಯರಿಗೆ ಮೊದಲೇ ತಿಳಿಸಿ. ಸ್ವಂತ ಸರ್ವರ್‌ನಲ್ಲಿ ಇಡುವುದಾದರೆ ಉಬುಂಟು ಅಥವಾ ಡೆಬಿಯನ್ ಮತ್ತು ಕನಿಷ್ಠ 2 ಜಿಬಿ ರ‍್ಯಾಮ್ ಬೇಕು. ಕಾಲೇಜಿನ ಹಳೆಯ ಕಂಪ್ಯೂಟರ್ ಸಾಕಾಗಬಹುದು, ಆದರೆ ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿ ಪದವಿ ಮುಗಿಸಿ ಹೋದರೆ ಪಾಸ್‌ವರ್ಡ್ ಯಾರ ಬಳಿ ಎಂಬುದು ಮೊದಲೇ ತೀರ್ಮಾನವಾಗಿರಲಿ. ನಿರ್ವಾಹಕರು ಕನಿಷ್ಠ ಮೂವರು, ಅವರಲ್ಲಿ ಒಬ್ಬರು ಅಧ್ಯಾಪಕರು.

ಇದನ್ನು ಒತ್ತಿ ಹೇಳಲು 2021ರ ಘಟನೆ ಕಾರಣ. ಆಗ ಹ್ಯಾಸ್ಕೆಲ್ ಸೇರಿ ನೂರಾರು ಮುಕ್ತ ತಂತ್ರಾಂಶ ಯೋಜನೆಗಳ ಚಾನೆಲ್‌ಗಳು ಫ್ರೀನೋಡ್ ಎಂಬ ಜಾಲದಲ್ಲಿದ್ದವು. ಜಾಲದ ಹಿಡಿತ ಯಾರದ್ದು ಎಂಬ ಜಗಳದಲ್ಲಿ ಮೇ 19ರಂದು ಅದರ ಸ್ವಯಂಸೇವಕ ಸಿಬ್ಬಂದಿ ಸಾಮೂಹಿಕವಾಗಿ ರಾಜೀನಾಮೆ ಕೊಟ್ಟು ಲಿಬೆರಾ ಆರಂಭಿಸಿದರು. ಒಂದೇ ವಾರದಲ್ಲಿ, ತಲೆಸಾಲಿನಲ್ಲಿ ಲಿಬೆರಾದ ಹೆಸರು ಬರೆದಿದ್ದ ನೂರಾರು ಚಾನೆಲ್‌ಗಳನ್ನು ಫ್ರೀನೋಡ್ ಆಡಳಿತ ತನ್ನ ವಶಕ್ಕೆ ತೆಗೆದುಕೊಂಡಿತು. ಜೂನ್‌ನಲ್ಲಿ ಹಳೆಯ ನೋಂದಣಿಗಳೇ ಇಲ್ಲದ ಹೊಸ ಸರ್ವರ್‌ಗೆ ಜಾಲವನ್ನು ಬದಲಿಸಿತು. ತಮ್ಮದೇ ವೆಬ್‌ಸೈಟ್‌ನಲ್ಲಿ ಚಾನೆಲ್‌ನ ವಿಳಾಸ ಪ್ರಕಟಿಸಿದ್ದ ಸಮುದಾಯಗಳಿಗೆ ಆ ಸಾಲು ತಿದ್ದಿ ಜನರನ್ನು ಹೊಸ ಜಾಗಕ್ಕೆ ಕರೆಯುವುದು ಸಾಧ್ಯವಾಯಿತು. ಚಾನೆಲ್‌ನ ಹೊರಗೆ ಬೇರೆಲ್ಲೂ ವಿಳಾಸ ಇಲ್ಲದ ಗುಂಪಿಗೆ ಆ ದಾರಿಯೂ ಇರುವುದಿಲ್ಲ. ನಿಮ್ಮ ಗುಂಪಿಗೂ ಒಂದು ಪುಟದ ಸ್ವಂತ ವೆಬ್‌ಸೈಟ್ ಇರಲಿ, ಚಾಟ್‌ನ ಕೊಂಡಿ ಅಲ್ಲಿಂದಲೇ ಹೋಗಲಿ, ತಿಂಗಳಿಗೊಮ್ಮೆ ಮಾತುಕತೆಯ ನಕಲು ತೆಗೆದಿಡಿ.

ಕೊನೆಗೆ ಕಾಲೇಜುಗಳ ನೆಟ್‌ವರ್ಕ್ ನೋಡಿಕೊಳ್ಳುವವರಲ್ಲಿ ಒಂದು ಕೋರಿಕೆ. ಹಲವು ಕ್ಯಾಂಪಸ್‌ಗಳಲ್ಲಿ 80 ಮತ್ತು 443 ಬಿಟ್ಟು ಉಳಿದ ಪೋರ್ಟ್‌ಗಳು ಮುಚ್ಚಿರುತ್ತವೆ. ಐಆರ್‌ಸಿಯ ಗೂಢಲಿಪೀಕೃತ ಸಂಪರ್ಕಕ್ಕೆ 6697 ಬೇಕು. ಹೊರಹೋಗುವ ಸಂಪರ್ಕಕ್ಕೆ ಅದೊಂದನ್ನು ತೆರೆಯಿರಿ. ಗೂಢಲಿಪಿ ಇಲ್ಲದ 6667 ತೆರೆಯಬೇಕಿಲ್ಲ. ತೆರೆಯಲು ಆಗದಿದ್ದರೆ ವೆಬ್ ಕ್ಲೈಂಟ್ 443ರಲ್ಲೇ ಕೆಲಸ ಮಾಡುತ್ತದೆ, ಅದನ್ನು ತಡೆಯಬೇಡಿ. ಇಡೀ ಕ್ಯಾಂಪಸ್ ಒಂದೇ ಐಪಿ ವಿಳಾಸದಿಂದ ಹೊರಗೆ ಕಾಣುವಲ್ಲಿ, ಲ್ಯಾಬಿನ 40 ವಿದ್ಯಾರ್ಥಿಗಳು ಒಂದೇ ಗಳಿಗೆಯಲ್ಲಿ ಸೇರಲು ಹೋದರೆ ಸರ್ವರ್ ದಾಳಿ ಎಂದು ಭಾವಿಸಿ ಎಲ್ಲರನ್ನೂ ತಡೆಯಬಹುದು. ಕಾರ್ಯಾಗಾರ ಇಟ್ಟುಕೊಂಡಿದ್ದರೆ ದಿನಾಂಕ, ಐಪಿ ವಿಳಾಸ, ಅಂದಾಜು ಸಂಖ್ಯೆಯನ್ನು ಕೆಲವು ದಿನ ಮುಂಚೆ ಲಿಬೆರಾದ ಸಿಬ್ಬಂದಿಗೆ ಬರೆದು ವಿನಾಯಿತಿ ಕೇಳಿ. ಅದರೊಂದಿಗೆ ವಿದ್ಯಾರ್ಥಿಗಳು ತಮ್ಮ ಅಡ್ಡಹೆಸರನ್ನು ಹಿಂದಿನ ದಿನವೇ ಮನೆಯಿಂದ ನೋಂದಾಯಿಸಿ, ಇಮೇಲ್‌ಗೆ ಬಂದ ದೃಢೀಕರಣದ ಆಜ್ಞೆಯನ್ನೂ ಕಳಿಸಿ ಮುಗಿಸಿರಲಿ.

ಇಂತಿ,
ಹ್ಯಾಸ್ಕೆಲ್ ಕಲಿಯುವ ಮತ್ತು ಕಲಿಸುವ ಕೆಲವರು,
ಬೆಂಗಳೂರು